ಮರಿ ಮಾಡಿಸುವ ನಾಯಿಗೆ ವಿಮೆ

ಮುಧೋಳದ ಬೇಟೆನಾಯಿಯನ್ನು ಸಂತಾನಾರ್ಥವಾಗಿ ಸಾಕುವ ಗೃಹಸ್ಥರು ಅದಕ್ಕೆ ವಿಮೆ ಮಾಡಿಸುವುದು ಯುಕ್ತವೇ ಸರಿ. ಆದರೆ ಹೆಣ್ಣುನಾಯಿಯ ಗರ್ಭಕಾಲವು ಸುಮಾರು 63 ದಿನ. ಅದರ ಪ್ರಾಣಕ್ಕೆ ದೊಡ್ಡ ಗಂಡಾಂತರವೊದಗುವುದು ಮರಿಹಾಕುವ ವೇಳೆಯಲ್ಲಿ. ಮರಿಯು ಅಡ್ಡವಾಗಿ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆ ಬೇಕಾದೀತು. ಹಾಲೂಡುವಾಗ ರಕ್ತದಲ್ಲಿ ಸುಣ್ಣದ ಅಂಶ ಕುಗ್ಗಿ ಸೆಳವು ಬರುವುದೂ ಉಂಟು. ಸಾಮಾನ್ಯ ವಿಮಾಪತ್ರಗಳಲ್ಲಿ ಅನೇಕವು ಗರ್ಭ, ಪ್ರಸವಗಳ ವೆಚ್ಚವನ್ನೇ ಹೊರಗಿಟ್ಟಿರುತ್ತವೆ. ಆದುದರಿಂದ ಕಂತಿನ ಅಗ್ಗಕ್ಕೆ ಮರುಳಾಗದೆ, ಯಾವುದಕ್ಕೆ ಪರಿಹಾರವಿಲ್ಲವೆಂಬ ಭಾಗವನ್ನು ಮೊದಲು ಓದಿರಿ. ಮರಿ ಮಾಡಿಸುವ ಉದ್ದೇಶವನ್ನು ಬರೆದುಕೊಡಿರಿ. ಮರೆಮಾಚಿದರೆ ಪರಿಹಾರವೇ ತಪ್ಪೀತು. ಕೆಲವು ದಿನ ಕಾಯಬೇಕೆಂಬ ಕರಾರೂ ಇರುವುದರಿಂದ, ಗಬ್ಬವಾಗುವುದಕ್ಕೆ ಬಹು ಮೊದಲೇ ವಿಮೆಯಾಗಿರಬೇಕು. ಪ್ರಸವದ ಹೊಣೆ ಹೊರುವ ಪತ್ರ ದೊರೆಯದಿದ್ದರೆ, ಚಿಕಿತ್ಸೆಯ ಹಣವನ್ನು ಪ್ರತ್ಯೇಕವಾಗಿ ಕೂಡಿಟ್ಟ ಬಳಿಕವೇ ಜೋಡಿ ಮಾಡಿಸಿರಿ. ಮರಿಗಳ ಬೆಲೆಯನ್ನೆಣಿಸುವ ಮುನ್ನ ತಾಯಿಯ ಪ್ರಾಣವನ್ನು ನೆನೆಯುವುದು ಗೃಹಸ್ಥಧರ್ಮವಲ್ಲವೆ?