ಔಷಧಕ್ಕಾಗಿ ಅನ್ವೇಷಣೆ

ಹುಟ್ಟಿ ವಾರ ಕಳೆಯುವಷ್ಟರಲ್ಲಿ ಎಳೆಗರುವಿಗೆ ನೀರುಭೇದಿ ಆರಂಭವಾಗುವುದುಂಟು. ಕಣ್ಣು ಗುಳಿಬಿದ್ದು, ಕಾಲು ಸೋತು, ಕರು ಹಾಲು ಕುಡಿಯಲೂ ಏಳದಂತಾಗುತ್ತದೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲೊಂದು ಕ್ರಿಪ್ಟೋಸ್ಪೊರಿಡಿಯಂ ಎಂಬ ಏಕಕೋಶ ಪರೋಪಜೀವಿ. ಮನುಷ್ಯರ ಕೂಸುಗಳನ್ನೂ ಇದು ಬಿಟ್ಟಿಲ್ಲ. ಆಫ್ರಿಕ ಹಾಗೂ ಏಷ್ಯ ಖಂಡಗಳ ಏಳು ಕೇಂದ್ರಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಆ ಕೇಂದ್ರಗಳಲ್ಲಿ ನಮ್ಮ ಕೋಲ್ಕತ್ತವೂ ಒಂದು. ವರ್ಷ ತುಂಬದ ಶಿಶುಗಳ ತೀವ್ರ ಅತಿಸಾರದ ಕಾರಣಗಳಲ್ಲಿ ರೋಟಾವೈರಸ್ಸಿನ ಅನಂತರದ ಸ್ಥಾನ ಈ ಜೀವಿಗೇ ಸಲ್ಲುತ್ತದೆಂದು ಅದರಿಂದ ತಿಳಿದುಬಂದಿತು.

ಇದನ್ನು ಮೊದಲು ಕಂಡವನು ಅಮೆರಿಕದ ವಿಜ್ಞಾನಿ ಅರ್ನೆಸ್ಟ್ ಟೈಜರ್. 1907ರಲ್ಲಿ ಅವನಿಗೆ ಇದು ಗೋಚರಿಸಿದ್ದು ಇಲಿಯ ಜಠರದಲ್ಲಿ. ಬಹುಕಾಲ ಇದು ಪ್ರಾಣಿಗಳಿಗಷ್ಟೇ ಸಂಬಂಧಿಸಿದ್ದೆಂದು ವೈದ್ಯರು ಭಾವಿಸಿದ್ದರು. ಮನುಷ್ಯರಲ್ಲಿ ಈ ರೋಗ ವರದಿಯಾದದ್ದು 1976ರಲ್ಲಿ. ಇದರ ಬೀಜಕೋಶ ಮಿಲಿಮೀಟರಿನ ಇನ್ನೂರನೆಯ ಒಂದು ಭಾಗದಷ್ಟು ಚಿಕ್ಕದು; ಆದರೆ ಅದರ ಕವಚ ಬಲು ಗಟ್ಟಿ. ಕುಡಿಯುವ ನೀರಿಗೆ ಬೆರೆಸುವ ಕ್ಲೋರಿನ್ನಿಗೂ ಅದು ಜಗ್ಗುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ನಲ್ಲಿಯ ನೀರಿನ ಮೂಲಕವೇ ಹರಡಿ ಸುಮಾರು 4 ಲಕ್ಷ ಜನರನ್ನು ಹಾಸಿಗೆ ಹಿಡಿಸಿತು. ನೀರನ್ನು ಕುದಿಸಿದರೆ ಅದು ಸಾಯುತ್ತದೆ.

ರೋಗಕ್ಕೆ ಮದ್ದಿಲ್ಲವೆ? ನಿಟಜೋಕ್ಸನೈಡ್ ಎಂಬುದೊಂದುಂಟು. ಅಮೆರಿಕದಲ್ಲಿ 2002ರಲ್ಲಿ ಅದಕ್ಕೆ ಅನುಮತಿ ದೊರೆಯಿತು. ಅದೂ ಒಂದು ವರ್ಷ ದಾಟಿದ ಮಕ್ಕಳಿಗೆ. ಪುಷ್ಟಿ ಸಾಲದ ಮಕ್ಕಳಲ್ಲಿ ಅದರ ಗುಣ ಅಷ್ಟಕ್ಕಷ್ಟೆ. ಏಡ್ಸ್ ರೋಗದಿಂದ ನಿರೋಧಶಕ್ತಿ ಕುಂದಿದವರಲ್ಲಿ ಅದು ನಾಟುವುದೇ ಇಲ್ಲ. ಯಾರಿಗೆ ಔಷಧ ಹೆಚ್ಚು ಬೇಕೋ ಅವರಿಗೇ ಅದು ಒದಗದು.

ಹೊಸ ಔಷಧವನ್ನು ನೇರವಾಗಿ ಹಸುಗೂಸಿಗೆ ಕೊಟ್ಟು ಪರೀಕ್ಷಿಸುವಂತಿಲ್ಲ. ಆದುದರಿಂದ ಪ್ರಾಣಿಗಳ ಆಶ್ರಯ ಅನಿವಾರ್ಯವಾಯಿತು. ಆದರೆ ಕರುವನ್ನೂ ಕೂಸನ್ನೂ ಕಾಡುವ ಈ ಪರೋಪಜೀವಿ ಆರೋಗ್ಯವಂತ ಬೆಳೆದ ಇಲಿಯಲ್ಲಿ ಬೇರೂರದು. ಗ್ಯಾಮ ಇಂಟರ್‌ಫೆರಾನ್ ಎಂಬ ರಕ್ಷಕ ಪ್ರೋಟೀನು ಉತ್ಪತ್ತಿಯಾಗದ ಇಲಿಗಳನ್ನು ವಿಜ್ಞಾನಿಗಳು ಇದಕ್ಕಾಗಿ ಬಳಸಿಕೊಂಡರು. ಅವುಗಳ ಹಿಕ್ಕೆಯಲ್ಲಿರುವ ಬೀಜಕೋಶಗಳನ್ನು ಸೂಕ್ಷ್ಮದರ್ಶಕದಡಿ ಎಣಿಸುವುದು ಬಹು ಬೇಸರದ ಕೆಲಸ. 2015ರಲ್ಲಿ ಅಮೆರಿಕದ ಸಂಶೋಧಕರು ಒಂದು ಚಮತ್ಕಾರ ಮಾಡಿದರು. ಬೆಳಕು ಬೀರಿಸುವ ಪ್ರೋಟೀನಿನ ಜೀನನ್ನು ಪರೋಪಜೀವಿಯೊಳಕ್ಕೆ ಸೇರಿಸಿ, ಶಸ್ತ್ರಕ್ರಿಯೆಯ ಮೂಲಕ ಅದನ್ನು ಇಲಿಯ ಕರುಳಿಗೆ ಬಿಟ್ಟರು. ಅಲ್ಲಿಂದ ಮುಂದೆ ಹಿಕ್ಕೆಯ ಬೆಳಕನ್ನು ಅಳೆದರೆ ಸಾಕಾಯಿತು. ಬೆಳಕು ತಗ್ಗಿದರೆ ಔಷಧ ಫಲಿಸಿದೆಯೆಂದು ಅರ್ಥ. ಪ್ರಾಣಿಗೆ ಆಗುವ ನೋವು ಇಲ್ಲಿ ಅಲಕ್ಷಿಸುವಂಥದಲ್ಲ. ಇಂಥ ಪ್ರಯೋಗಗಳಿಗೆ ಸಮಿತಿಗಳ ಒಪ್ಪಿಗೆ ಬೇಕೆಂಬ ನಿಯಮ ಹುಟ್ಟಿದ್ದು ಅದಕ್ಕಾಗಿಯೇ.

ಇಲಿಯ ಸಾಕ್ಷ್ಯವನ್ನು ಎಷ್ಟರಮಟ್ಟಿಗೆ ನಂಬಬಹುದು? ಕುಷ್ಠರೋಗಕ್ಕೆ ದಶಕಗಳಿಂದ ಕೊಡುತ್ತಿದ್ದ ಕ್ಲೋಫಜಿಮೈನ್ ಎಂಬ ಔಷಧ ಇಲಿಗಳಲ್ಲಿ ಈ ಪರೋಪಜೀವಿಯನ್ನೂ ಅಡಗಿಸಿತೆಂದು 2017ರಲ್ಲಿ ತಿಳಿದಾಗ ಎಲ್ಲೆಡೆ ಹರ್ಷವುಂಟಾಯಿತು. ಹಳೆಯ ಔಷಧ, ಅದರ ಗುಣದೋಷಗಳು ತಿಳಿದಂಥವು, ಇನ್ನೇನು ಬೇಕು? ಆಫ್ರಿಕದ ಮಲಾವಿ ದೇಶದಲ್ಲಿ ಏಡ್ಸ್ ವೈರಸ್ಸಿನ ಸೋಂಕಿದ್ದ ವಯಸ್ಕ ರೋಗಿಗಳಿಗೆ ಅದನ್ನು ಕೊಟ್ಟುನೋಡಿದರು. ಭೇದಿಯೂ ನಿಲ್ಲಲಿಲ್ಲ, ಪರೋಪಜೀವಿಯೂ ತಗ್ಗಲಿಲ್ಲ. ರೋಗಿಗಳ ರಕ್ತದಲ್ಲಿ ಔಷಧದ ಪ್ರಮಾಣವೇ ಕಡಿಮೆಯಿತ್ತು. ಪ್ರಯೋಗದ ಇಲಿಗೆ ಸೋಂಕು ತಗಲಿದರೂ ಮಗುವಿನಂತೆ ನೀರುಭೇದಿಯಾಗುವುದಿಲ್ಲ. ಭೇದಿಯಾಗುವ ಕರುಳಿನಲ್ಲಿ ಔಷಧ ಎಷ್ಟು ಹೊತ್ತು ನಿಲ್ಲುತ್ತದೆ, ಎಷ್ಟು ಹೀರಲ್ಪಡುತ್ತದೆ ಎಂಬುದನ್ನು ಅದು ಹೇಗೆ ತಾನೆ ತಿಳಿಸೀತು?

ಇಲ್ಲಿ ಕರುವಿನ ಮಹತ್ವ ಕಾಣುತ್ತದೆ. ಅದಕ್ಕೆ ಈ ರೋಗ ಸಹಜವಾಗಿಯೇ ಬರುತ್ತದೆ. ಭೇದಿ, ನಿರ್ಜಲತೆ, ನಿತ್ರಾಣ ಎಲ್ಲವೂ ಮಗುವಿನಂತೆಯೇ. ಕೆಡಿಯು 731 ಎಂಬ ಹೊಸ ರಾಸಾಯನಿಕವನ್ನು ಇಲಿಗಳ ಮೇಲೆ ಪರೀಕ್ಷಿಸಿದ ಸಂಶೋಧಕರು ಅಷ್ಟಕ್ಕೇ ನಿಲ್ಲದೆ ರೋಗಗ್ರಸ್ತ ಎಳೆಗರುಗಳಿಗೂ ಕೊಟ್ಟರು. ಕರುಗಳ ಭೇದಿ ಬೇಗನೆ ಹತೋಟಿಗೆ ಬಂದಿತೆಂದು 2017ರಲ್ಲಿ ವರದಿ ಮಾಡಿದರು. ಮನುಷ್ಯನನ್ನೇ ಹೆಚ್ಚಾಗಿ ಆಶ್ರಯಿಸುವ ಇನ್ನೊಂದು ಪ್ರಭೇದಕ್ಕೆ ಕರುವಾಗಲಿ ಇಲಿಯಾಗಲಿ ತಕ್ಕ ಮನೆಯಲ್ಲ. ಅದರ ಅಭ್ಯಾಸಕ್ಕೆ ಬೇರೆ ಕ್ರಿಮಿಗಳ ಸೋಂಕಿಲ್ಲದೆ ಬೆಳೆಸಿದ ಹಂದಿಮರಿಗಳನ್ನು ಸಾಕಬೇಕಾಗುತ್ತದೆ.