ಅಲೆಯನ್ನರಸಿ ಬಾಲಿ ದ್ವೀಪದಲ್ಲಿ

ಜಾವಾದ ಪೂರ್ವಕ್ಕೆ, ಭೂಮಧ್ಯರೇಖೆಯಿಂದ ಸುಮಾರು 8 ಡಿಗ್ರಿ ದಕ್ಷಿಣದಲ್ಲಿ, ಬಾಲಿ ಎಂಬ ಚಿಕ್ಕ ದ್ವೀಪವೊಂದಿದೆ. ಅದರ ಉದ್ದ ಸುಮಾರು 150 ಕಿಲೋಮೀಟರು. ಮೆಟ್ಟಿಲು ಮೆಟ್ಟಿಲಾದ ಬತ್ತದ ಗದ್ದೆಗಳಿಗೂ, ದೇವಾಲಯಗಳಿಗೂ, 3,000 ಮೀಟರಿಗಿಂತ ಎತ್ತರವಾದ ಆಗುಂಗ್ ಅಗ್ನಿಪರ್ವತಕ್ಕೂ ಹೆಸರಾದ ಈ ದ್ವೀಪದಲ್ಲಿ ದಿನವೂ ಬೆಳಗಿನ ಜಾವ ಒಂದು ವಿಶೇಷ ನೋಟ ಕಾಣಸಿಗುತ್ತದೆ. ತರುಣರು ಮೋಟಾರು ಸೈಕಲುಗಳನ್ನೇರಿ, ಪಕ್ಕದ ಕಬ್ಬಿಣದ ಚೌಕಟ್ಟಿನಲ್ಲಿ ಆಳುದ್ದದ ಹಲಗೆಯೊಂದನ್ನು ಸಿಕ್ಕಿಸಿಕೊಂಡು, ಒಂದು ತೀರದಿಂದ ಇನ್ನೊಂದು ತೀರಕ್ಕೆ ಧಾವಿಸುತ್ತಾರೆ. ಅವರು ಅರಸುತ್ತಿರುವುದು ಅಲೆಯನ್ನು. ಹಲಗೆಯ ಮೇಲೆ ನಿಂತು ಅಲೆಯ ಇಳಿಜಾರಿನಲ್ಲಿ ಜಾರಿ ಸಾಗುವ ಸರ್ಫಿಂಗ್ ಎಂಬ ಈ ಕ್ರೀಡೆಯನ್ನು 1930ರ ದಶಕದಲ್ಲಿ ಇಲ್ಲಿನ ಕೂಟಾ ತೀರಕ್ಕೆ ತಂದವನು ರಾಬರ್ಟ್ ಕೋಕ್ ಎಂಬ ಅಮೆರಿಕನ್.

ಸಮುದ್ರವೆಂದ ಮೇಲೆ ಅಲೆ ಎಲ್ಲೆಡೆಯೂ ಇರುವುದಷ್ಟೆ, ಅದನ್ನು ಹುಡುಕುವುದೇಕೆ? ಇದಕ್ಕೆ ಉತ್ತರ ಭೌತವಿಜ್ಞಾನದಲ್ಲಿದೆ. ನಾವೂ ಒಂದು ಮೋಟಾರು ಸೈಕಲನ್ನು ಬಾಡಿಗೆಗೆ ಪಡೆದು, ತಲೆಗೆ ಹೆಲ್ಮೆಟ್ ಧರಿಸಿ, ಜುಲೈ ತಿಂಗಳ ಒಂದು ಮುಂಜಾನೆ ಕೂಟಾದಿಂದ ಹೊರಟಿದ್ದೇವೆಂದು ಭಾವಿಸೋಣ.

ಅಲೆಯ ತವರು

ತೀರದಲ್ಲಿ ಗಾಳಿಯೇ ಇಲ್ಲ. ಆದರೂ ಆಳೆತ್ತರದ ಅಲೆಗಳು ಸಾಲುಗಟ್ಟಿ ಬರುತ್ತಿವೆ. ಇವು ಇಲ್ಲಿ ಹುಟ್ಟಿದವಲ್ಲ. ಇವುಗಳ ತವರು ದಕ್ಷಿಣದಲ್ಲಿ 40ರಿಂದ 60 ಡಿಗ್ರಿ ಅಕ್ಷಾಂಶಗಳ ನಡುವಿನ ವಿಶಾಲ ಸಾಗರ. ಗಾಳಿಯನ್ನು ತಡೆಯಲು ಅಲ್ಲಿ ನೆಲವಿಲ್ಲವೆಂದೇ ಹೇಳಬಹುದು. ಗಾಳಿ ಎಷ್ಟು ಜೋರಾಗಿ, ಎಷ್ಟು ಹೊತ್ತು, ಎಷ್ಟು ದೂರ ನೀರಿನ ಮೇಲೆ ಬೀಸುವುದೋ ಅದರ ಮೇಲೆ ಅಲೆಯ ಗಾತ್ರ ನಿಂತಿದೆ. ಈ ಮೂರೂ ಅಲ್ಲಿ ಹೇರಳವಾಗಿವೆ. ಜೂನ್, ಜುಲೈ, ಆಗಸ್ಟ್ ತಿಂಗಳುಗಳು ದಕ್ಷಿಣಾರ್ಧ ಗೋಳಕ್ಕೆ ಚಳಿಗಾಲವಾದುದರಿಂದ ಬಿರುಗಾಳಿಗಳೂ ಆಗ ಹೆಚ್ಚು ಉಗ್ರವಾಗಿರುತ್ತವೆ.

ಬಿರುಗಾಳಿಯ ನಡುವೆ ಅಲೆಗಳೆಲ್ಲ ಕಲಸಿಕೊಂಡಿರುತ್ತವೆ. ಅಲ್ಲಿಂದ ಹೊರಬಿದ್ದ ಮೇಲೆ ಅವು ತಾವಾಗಿಯೇ ವಿಂಗಡಗೊಳ್ಳುತ್ತವೆ. ಏಕೆಂದರೆ ಆಳವಾದ ನೀರಿನಲ್ಲಿ ಅಲೆಯ ವೇಗವು ಅದರ ಆವರ್ತಕಾಲವನ್ನು, ಎಂದರೆ ಒಂದು ಅಲೆಯ ಶಿಖರಕ್ಕೂ ಮುಂದಿನ ಶಿಖರಕ್ಕೂ ನಡುವಣ ಕಾಲವನ್ನು, ಅವಲಂಬಿಸಿದೆ. ಆವರ್ತಕಾಲದ ಸೆಕೆಂಡುಗಳನ್ನು 1.56ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಮೀಟರು ವೇಗವೆಂಬುದು ದೊರೆಯುತ್ತದೆ. 16 ಸೆಕೆಂಡಿನ ಅಲೆಯ ವೇಗ ಗಂಟೆಗೆ 90 ಕಿಲೋಮೀಟರು. ಅದರ ಉದ್ದ 400 ಮೀಟರು. ಆದರೆ ಅಲೆಗಳ ಗುಂಪು, ಅದರೊಡನೆ ಅದು ಹೊತ್ತ ಶಕ್ತಿ, ಇದರ ಅರ್ಧ ವೇಗದಲ್ಲಿ ಮಾತ್ರ ಸಾಗುತ್ತದೆ: ಗಂಟೆಗೆ 45 ಕಿಲೋಮೀಟರು. ಬಾಲಿಯ ರಸ್ತೆಯಲ್ಲಿ ನಮ್ಮ ಮೋಟಾರು ಸೈಕಲು ಓಡುವ ವೇಗವೂ ಸುಮಾರು ಅಷ್ಟೇ!

ಬಿರುಗಾಳಿ 5,000 ಕಿಲೋಮೀಟರು ದೂರದಲ್ಲಿದ್ದರೆ 16 ಸೆಕೆಂಡಿನ ಅಲೆಗಳು ನಾಲ್ಕೂವರೆ ದಿನಗಳಲ್ಲಿ ಬಾಲಿಯನ್ನು ಮುಟ್ಟುತ್ತವೆ. 12 ಸೆಕೆಂಡಿನವು ಬರಲು ಆರು ದಿನಗಳಿಗೂ ಹೆಚ್ಚು ಬೇಕು. ದಡದಲ್ಲಿ ಗಡಿಯಾರ ಹಿಡಿದು ಕುಳಿತವನು ಆವರ್ತಕಾಲ ದಿನದಿಂದ ದಿನಕ್ಕೆ ಇಳಿಯುವುದನ್ನು ಅಳೆದು, ಬಿರುಗಾಳಿ ಎಷ್ಟು ದೂರದಲ್ಲಿ ಎದ್ದಿತ್ತೆಂದು ಲೆಕ್ಕ ಹಾಕಬಲ್ಲನು. ವಾಲ್ಟರ್ ಮಂಕ್ ಮತ್ತು ಅವರ ಸಂಗಡಿಗರು 1963ರಲ್ಲಿ ನ್ಯೂಜಿಲೆಂಡಿನಿಂದ ಅಲಾಸ್ಕಾವರೆಗೆ ಅಳತೆಯ ಕೇಂದ್ರಗಳನ್ನಿಟ್ಟು, ದಕ್ಷಿಣದ ಬಿರುಗಾಳಿಗಳಲ್ಲಿ ಹುಟ್ಟಿದ ಅಲೆಗಳು ಇಡೀ ಪೆಸಿಫಿಕ್ ಸಾಗರವನ್ನು ದಾಟಿಹೋಗುವುದನ್ನು ತೋರಿಸಿಕೊಟ್ಟರು. ಇಷ್ಟು ದೂರ ಬರುವುದು ನೀರಲ್ಲ, ಶಕ್ತಿ. ನೀರಿನ ಕಣಗಳು ಇದ್ದಲ್ಲಿಯೇ ವೃತ್ತಾಕಾರವಾಗಿ ಸುತ್ತುತ್ತವೆ, ಅಷ್ಟೆ.

ಯಾವ ತೀರಕ್ಕೆ ಹೋಗಬೇಕು?

ಅಲೆಗಳು ದಕ್ಷಿಣ ಮತ್ತು ನೈಋತ್ಯದಿಂದ ಬರುವುದರಿಂದ ಬಾಲಿಯ ಉತ್ತರ ತೀರ ದ್ವೀಪದ ನೆರಳಿನಲ್ಲಿದೆ. ಅಲ್ಲಿ ಸಮುದ್ರ ಬಹುಮಟ್ಟಿಗೆ ಕೆರೆಯಂತೆ ಶಾಂತ. ಆದುದರಿಂದ ನಾವು ದಕ್ಷಿಣದಲ್ಲಿಯೇ ಉಳಿಯೋಣ. ಅಲ್ಲಿ ಬುಕಿಟ್ ಎಂಬ ಸುಣ್ಣಕಲ್ಲಿನ ಪರ್ಯಾಯ ದ್ವೀಪವಿದೆ. ಅದನ್ನು ಬಾಲಿಗೆ ಸೇರಿಸುವ ನೆಲದ ಕೊರಳು ಕೆಲವೇ ಕಿಲೋಮೀಟರು ಅಗಲ. ಮೋಟಾರು ಸೈಕಲಿನ ಉಪಯೋಗ ಇಲ್ಲಿ ತಿಳಿಯುತ್ತದೆ. ಒಂದು ತೀರ ಸರಿಯಿಲ್ಲದಿದ್ದರೆ ಗಂಟೆಯೊಳಗಾಗಿ ಇನ್ನೊಂದನ್ನು ಸೇರಬಹುದು.

ತೀರವನ್ನು ಆರಿಸಿಕೊಡುವುದು ಸ್ಥಳದ ಗಾಳಿ. ಏಪ್ರಿಲಿನಿಂದ ಅಕ್ಟೋಬರಿನವರೆಗೆ ಇಲ್ಲಿ ಆಗ್ನೇಯ ಮಾರುತ ಬೀಸುತ್ತದೆ. ಪೂರ್ವ ತೀರದಲ್ಲಿ ಅದು ಸಮುದ್ರದಿಂದ ನೆಲದತ್ತ ಬೀಸಿ ಅಲೆಗಳನ್ನು ಹಿಂದಿನಿಂದ ತಳ್ಳಿ ಕೆಡಿಸುತ್ತದೆ. ಪಶ್ಚಿಮ ತೀರದಲ್ಲಿಯಾದರೋ ಅದೇ ಗಾಳಿ ನೆಲದಿಂದ ಸಮುದ್ರದತ್ತ ಬೀಸಿ, ಅಲೆಯ ಮುಖಕ್ಕೆ ಎದುರಾಗಿ, ಅದು ಬೇಗನೆ ಕುಸಿಯದಂತೆ ಎತ್ತಿಹಿಡಿಯುತ್ತದೆ. ನವೆಂಬರಿನಿಂದ ಮಾರ್ಚಿಯವರೆಗೆ ಪಶ್ಚಿಮದ ಮಳೆಗಾಳಿ ಬೀಸುವಾಗ ಎಲ್ಲವೂ ತಲೆಕೆಳಗು. ಆಗ ಸಾನೂರ್, ನುಸಾ ದುವಾ ಮುಂತಾದ ಪೂರ್ವ ತೀರಗಳ ಸರದಿ. ನಾವು ಹೊರಟಿರುವುದು ಜುಲೈಯಲ್ಲಿ. ಆದುದರಿಂದ ಬುಕಿಟ್ಟಿನ ಪಶ್ಚಿಮ ಅಂಚಿಗೆ, ಕಡಿದಾದ ಬಂಡೆಯ ನೆತ್ತಿಯ ಮೇಲೆ ದೇವಾಲಯವಿರುವ ಉಲುವಾಟುವಿಗೆ, ಗಾಡಿಯನ್ನು ತಿರುಗಿಸೋಣ.

ತಳದ ಕೈವಾಡ

ಬಂಡೆಯ ಮೇಲೆ ನಿಂತು ನೋಡಿದರೆ ಅಲೆಗಳು ದಡದತ್ತ ಬಾಗುವುದು ಸ್ಪಷ್ಟವಾಗಿ ಕಾಣುತ್ತದೆ. ನೀರಿನ ಆಳವು ಅಲೆಯುದ್ದದ ಅರ್ಧಕ್ಕಿಂತ ಕಡಿಮೆಯಾದೊಡನೆ ಅಲೆಗೆ ತಳದ ಅರಿವಾಗುತ್ತದೆ. 400 ಮೀಟರಿನ ಅಲೆಗೆ 200 ಮೀಟರು ಆಳದಲ್ಲಿಯೇ ತಳ ತಾಕಿದಂತೆ. ಅಲ್ಲಿಂದ ಮುಂದೆ ಅದರ ವೇಗ ತಗ್ಗುತ್ತ ಬರುತ್ತದೆ. ಎರಡೂವರೆ ಮೀಟರು ಆಳದಲ್ಲಿ ಅದು ಗಂಟೆಗೆ ಸುಮಾರು 18 ಕಿಲೋಮೀಟರು ಮಾತ್ರ. ಆವರ್ತಕಾಲ ಬದಲಾಗದುದರಿಂದ 400 ಮೀಟರಿನ ಉದ್ದ 80 ಮೀಟರಿಗೆ ಕುಗ್ಗುತ್ತದೆ. ಕುಗ್ಗಿದ ಜಾಗದಲ್ಲಿ ಶಕ್ತಿ ಒತ್ತೊತ್ತಾಗಿ ಸೇರಿ ಅಲೆ ಮೇಲೇಳುತ್ತದೆ. ಅದರ ಎತ್ತರವು ಆಳದ ಮುಕ್ಕಾಲು ಭಾಗಕ್ಕೆ ಬಂದಾಗ, ಹೆಚ್ಚುಕಡಮೆ, ಶಿಖರ ಮುಗ್ಗರಿಸಿ ಅಲೆ ಒಡೆಯುತ್ತದೆ.

ಅಲೆಯ ಒಂದು ತುದಿ ಆಳವಿಲ್ಲದ ಕಡೆಯಲ್ಲಿದ್ದು ನಿಧಾನವಾದರೆ, ಆಳದಲ್ಲಿರುವ ಇನ್ನೊಂದು ತುದಿ ಮುಂದೆ ಸಾಗಿ ಅಲೆಯ ಸಾಲು ಬಾಗುತ್ತದೆ. ಗಾಜನ್ನು ಹೊಕ್ಕ ಬೆಳಕಿನ ವಕ್ರೀಭವನವೂ ಇದೇ ತತ್ತ್ವ. ಹೀಗೆ ಬಾಗಿ ಬಂದ ಅಲೆ ಉಲುವಾಟುವಿನ ಹವಳದ ದಿಬ್ಬದ ಮೇಲೆ ಒಮ್ಮೆಗೇ ಬೀಳದೆ, ಒಂದು ತುದಿಯಿಂದ ಆರಂಭಿಸಿ ಕ್ರಮವಾಗಿ ಒಡೆಯುತ್ತ ಹೋಗುತ್ತದೆ. ಸವಾರನು ಆ ಒಡೆತಕ್ಕಿಂತ ತುಸು ಮುಂದೆ ಜಾರುತ್ತಿರುತ್ತಾನೆ. ಕೂಟಾದಲ್ಲಿ ತಳ ಮರಳು, ಇಳಿಜಾರು ಮೆಲ್ಲನೆಯದು. ಆದ್ದರಿಂದ ಅಲೆಯೂ ಅಲ್ಲಿ ಮೆಲ್ಲನೆ ನೊರೆಗಟ್ಟುತ್ತದೆ. ಕಲಿಯುವವರಿಗೆ ಅದೇ ತಕ್ಕ ಸ್ಥಳ.

ಮೋಸದ ಮೌನ

ಇಷ್ಟೆಲ್ಲ ತಿಳಿದ ಮೇಲೆ ನೀರಿಗಿಳಿಯಬಹುದೇ? ತಡೆಯಿರಿ. ಸಮುದ್ರ ಶಾಂತವಾಗಿದೆಯೆಂದು ಇಳಿದವನ ಮೇಲೆ ಎರಡೇ ನಿಮಿಷಗಳಲ್ಲಿ ದೊಡ್ಡ ಅಲೆಗಳು ಸಾಲಾಗಿ ಎರಗುವುದುಂಟು. ಇದು ವಿಧಿಯಲ್ಲ, ಗಣಿತ. 16 ಸೆಕೆಂಡಿನ ಮತ್ತು 14 ಸೆಕೆಂಡಿನ ಅಲೆಗಳು ಒಟ್ಟಿಗೆ ಬಂದರೆ, ಶ್ರುತಿ ಕೂಡದ ಎರಡು ತಂತಿಗಳ ನಾದ ಏರಿಳಿಯುವಂತೆ, ಪ್ರತಿ 112 ಸೆಕೆಂಡಿಗೊಮ್ಮೆ ಅವು ಒಂದನ್ನೊಂದು ಬೆಂಬಲಿಸಿ ಹಿಗ್ಗುತ್ತವೆ; ನಡುವೆ ಒಂದನ್ನೊಂದು ಅಳಿಸಿ ತಗ್ಗುತ್ತವೆ. ನಿಜವಾದ ಸಮುದ್ರದಲ್ಲಿ ಹಲವು ಆವರ್ತಕಾಲಗಳು ಬೆರೆತಿರುವುದರಿಂದ ಈ ಬಿಡುವು ಇನ್ನೂ ದೀರ್ಘವಾಗಬಹುದು. ಅಲೆಯ ಶಕ್ತಿ ಎತ್ತರದ ವರ್ಗಕ್ಕೆ ಅನುಪಾತದಲ್ಲಿದೆ. ಎತ್ತರ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ. ಕೆಳಗಿರುವುದೋ ಹರಿತವಾದ ಹವಳ. ಆದುದರಿಂದ ಬಲ್ಲವರು ಗಾಡಿಯನ್ನು ನಿಲ್ಲಿಸಿ ಕನಿಷ್ಠ ಇಪ್ಪತ್ತು ನಿಮಿಷ ಸಮುದ್ರವನ್ನು ನೋಡುತ್ತ ಕುಳಿತುಕೊಳ್ಳುತ್ತಾರೆ. ಒಡೆದ ಅಲೆಗಳ ನೀರು ಕಿರಿದಾದ ಓಣಿಗಳಲ್ಲಿ ಸಮುದ್ರಕ್ಕೆ ಹಿಂದಿರುಗುವ ಸೆಳವನ್ನೂ ಗುರುತಿಸಿಕೊಳ್ಳುತ್ತಾರೆ. ಸೆಳವಿಗೆ ಸಿಕ್ಕಿದವನು ಅದರೆದುರು ಈಜಿ ಸೋಲಬಾರದು. ದಡಕ್ಕೆ ಸಮಾನಾಂತರವಾಗಿ ಈಜಿ ಅದರಿಂದ ಹೊರಬೀಳಬೇಕು.

ಹವಳ ಅಪಾಯವೇ ಹೌದು. ಆದರೆ ಅದೇ ದಡದ ಕಾವಲುಗಾರನೂ ಆಗಿದೆ. ದ್ವೀಪದ ಪೂರ್ವದಲ್ಲಿರುವ ಚಂಡಿದಾಸದಲ್ಲಿ ಜನರು ಸುಣ್ಣ ಸುಡುವುದಕ್ಕಾಗಿ ಹವಳವನ್ನು ಅಗೆದು ತೆಗೆದರು. ದೂರದಲ್ಲಿಯೇ ಒಡೆಯಬೇಕಾದ ಅಲೆಗಳು ದಡದವರೆಗೆ ಬಂದು ಮರಳನ್ನು ಕೊಚ್ಚಿಹಾಕಿದುವು. ಈಗ ಅಲ್ಲಿ ದಡವನ್ನು ಉಳಿಸಲು ಕಾಂಕ್ರೀಟಿನ ತಡೆಗಳನ್ನು ಕಟ್ಟಿದ್ದಾರೆ.

ಈ ವಿಷಯ ನಮಗೆ ದೂರದ್ದೆಂದು ವಾಚಕರು ಭಾವಿಸಬಾರದು. ಅದೇ ದಕ್ಷಿಣ ಸಾಗರದ ಬಿರುಗಾಳಿಗಳು ನಮ್ಮ ಪಶ್ಚಿಮ ಕರಾವಳಿಗೂ ಅಲೆಗಳನ್ನು ಕಳುಹಿಸುತ್ತವೆ. ಗಾಳಿಯಿಲ್ಲದ ದಿನ ಇದ್ದಕ್ಕಿದ್ದಂತೆ ಊರೊಳಕ್ಕೆ ನುಗ್ಗುವ ಈ ಸಮುದ್ರವನ್ನು ಕೇರಳದ ಬೆಸ್ತರು ‘ಕಳ್ಳಕ್ಕಡಲ್’, ಎಂದರೆ ಕಳ್ಳಸಮುದ್ರ, ಎಂದು ಕರೆಯುತ್ತಾರೆ. ನಮ್ಮ ಮೂಲ್ಕಿಯ ತೀರದಲ್ಲಿಯೂ ಇಂದು ತರುಣರು ಹಲಗೆ ಹಿಡಿದು ಅಲೆಗಾಗಿ ಕಾಯುತ್ತಾರೆ. ಮುಂದಿನ ಸಲ ಕಡಲ ತಡಿಗೆ ಹೋದಾಗ ಗಡಿಯಾರ ನೋಡಿ ಒಂದು ಶಿಖರದಿಂದ ಮುಂದಿನ ಶಿಖರಕ್ಕೆ ಸೆಕೆಂಡುಗಳನ್ನು ಎಣಿಸಿರಿ. ಹದಿನೈದು ಹದಿನಾರು ಬಂದರೆ, ನಿಮ್ಮ ಪಾದವನ್ನು ತೊಯ್ಯಿಸಿದ ಆ ಅಲೆ ಬಹುದೂರದ ಬಿರುಗಾಳಿಯೊಂದರ ಮಗುವೆಂದು ತಿಳಿಯಿರಿ.