ಬೃಂದಾವನದ ಕಾರಂಜಿಯೂ ನಮ್ಮ ಹೊಲದ ನೀರೂ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ರೈತರು ಮೈಸೂರಿಗೆ ಹೋದಾಗ ಮನೆಮಂದಿಯೊಡನೆ ಕೃಷ್ಣರಾಜಸಾಗರದ ಬೃಂದಾವನವನ್ನು ನೋಡಿ ಬರುವುದುಂಟು. ದೀಪ ಹತ್ತಿದ ಮೇಲೆ ಕಾರಂಜಿ ನೋಡಿ, ಸಂತೋಷಪಟ್ಟು ಹಿಂತಿರುಗುತ್ತೇವೆ. ಮುಂದಿನ ಸಲ ಹಗಲಿನಲ್ಲೇ ಹೋಗಿ, ನೆಲದ ಇಳಿಜಾರನ್ನು ಗಮನಿಸಿ. ಕೊಳವೆ ಬಾವಿಯನ್ನೇ ನೆಚ್ಚಿರುವವರಿಗೆ ಅಲ್ಲಿ ಕಲಿಯುವುದಿದೆ.

ಮೆಟ್ಟಿಲು ಮೆಟ್ಟಿಲಾದ ತೋಟ

ಅಣೆಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. ಅದರ ಕೆಳಗಿನ ಈ ತೋಟ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1927ರಿಂದ 1932ರವರೆಗೆ ರೂಪುಗೊಂಡಿತು. ಕಾಶ್ಮೀರದ ಶಾಲಿಮಾರ್ ತೋಟ ಇದಕ್ಕೆ ಮಾದರಿ. ಇಳಿಜಾರನ್ನು ಹಂತಹಂತವಾಗಿ ಮಟ್ಟ ಮಾಡಿ, ನಡುವೆ ಕಾಲುವೆ ಹಾಯಿಸಿದ್ದಾರೆ.

ಇಟಲಿಯ ತಿವೋಲಿ ಊರಿನಲ್ಲಿ ವಿಲ್ಲಾ ದೆಸ್ತೆ ಎಂಬ ಅರಮನೆ ತೋಟವಿದೆ. ಅದು 16ನೆಯ ಶತಮಾನದ್ದು. ಅಲ್ಲಿ 50ಕ್ಕೂ ಹೆಚ್ಚು ಕಾರಂಜಿಗಳಿದ್ದು, ಪಂಪಿನ ನೆರವಿಲ್ಲದೆ ಚಿಮ್ಮುವಂತೆ ಅವನ್ನು ಕಟ್ಟಿದರು. ಅನಿಯೇನೆ ನದಿಯ ನೀರನ್ನು ಸುರಂಗದ ಮೂಲಕ ತೋಟದ ಮೇಲ್ಭಾಗಕ್ಕೆ ತಂದು ಕೆಳಕ್ಕೆ ಬಿಟ್ಟರು. ಎತ್ತರವೇ ಅಲ್ಲಿ ಯಂತ್ರ.

ಒತ್ತಡದ ಲೆಕ್ಕ

ನೀರಿನ ಒತ್ತಡ ತೊಟ್ಟಿಯ ಗಾತ್ರದಿಂದ ಬರುವುದಿಲ್ಲ, ಎತ್ತರದಿಂದ ಬರುತ್ತದೆ. ಸುಮಾರು 33 ಅಡಿ ಎತ್ತರದ ನೀರು ಚದರ ಸೆಂಟಿಮೀಟರಿಗೆ 1 ಕಿಲೋ ಒತ್ತಡ ಕೊಡುತ್ತದೆ. ಸಾಮಾನ್ಯ ಡ್ರಿಪ್ಪರುಗಳಿಗೆ ಬೇಕಾದದ್ದು ಇಷ್ಟೇ. 10 ಅಡಿಗೆ ದೊರೆಯುವುದು ಸುಮಾರು 0.3 ಕಿಲೋ. ಆಗ ಗಂಟೆಗೆ 4 ಲೀಟರ್ ಎಂದು ನಮೂದಿಸಿದ ಸಾಮಾನ್ಯ ಡ್ರಿಪ್ಪರು ಹೆಚ್ಚೆಂದರೆ 2 ಲೀಟರಿನಷ್ಟು ಬಿಡುತ್ತದೆ. ಆದ್ದರಿಂದ ಹೊತ್ತನ್ನು ಎರಡು ಪಟ್ಟು ಮಾಡಬೇಕು.

ನೀವು ಮಾಡಬೇಕಾದದ್ದು

1. ಹೊಲದ ಅತಿ ಎತ್ತರದ ಮೂಲೆಯನ್ನು ಗುರುತಿಸಿ, ತೊಟ್ಟಿಯನ್ನು ಅಲ್ಲಿ ಕಟ್ಟಿ. ಕರೆಂಟು ಬಂದಾಗ ತುಂಬಿಸಿಕೊಂಡರೆ, ಬೇಕಾದ ಹೊತ್ತಿಗೆ ನೀರು ಬಿಡಬಹುದು. ರಾತ್ರಿ ನಿದ್ದೆಗೆಟ್ಟು ನೀರು ಕಟ್ಟುವ ಕಷ್ಟ ತಪ್ಪುತ್ತದೆ.

2. ಮುಖ್ಯ ಕೊಳವೆ ಸಣ್ಣದಾಗಿ, ಉದ್ದವಾಗಿದ್ದರೆ ಉಜ್ಜುವಿಕೆಯಿಂದ ಒತ್ತಡ ನಷ್ಟವಾಗುತ್ತದೆ. ದಪ್ಪ ಕೊಳವೆಯನ್ನೇ ಹಾಕಿ.

3. ಡ್ರಿಪ್ ಸಾಲುಗಳನ್ನು ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿಯಲ್ಲಿ ಎಳೆಯಿರಿ. ಇಳಿಜಾರಿನ ಉದ್ದಕ್ಕೆ ಎಳೆದರೆ ಕೆಳಗಿನ ಗಿಡಕ್ಕೆ ಹೆಚ್ಚು, ಮೇಲಿನ ಗಿಡಕ್ಕೆ ಕಡಿಮೆ ನೀರು ದೊರೆಯುತ್ತದೆ. ಬೃಂದಾವನದ ಮೆಟ್ಟಿಲುಗಳ ಗುಟ್ಟೂ ಇದೇ.

4. ತೊಟ್ಟಿಯ ನೀರನ್ನು ಸೋಸಿ ಬಿಡಿ. ಒತ್ತಡ ಕಡಿಮೆಯಿದ್ದಲ್ಲಿ ಡ್ರಿಪ್ಪರು ಬೇಗ ಕಟ್ಟಿಕೊಳ್ಳುತ್ತದೆ.

ಒಂದು ಎಚ್ಚರಿಕೆ: ತೊಟ್ಟಿ ಕಟ್ಟಿದ ಮಾತ್ರಕ್ಕೆ ಬಾವಿಯಲ್ಲಿ ನೀರು ಹೆಚ್ಚುವುದಿಲ್ಲ. ಮೊದಲು ಅರ್ಧ ಎಕರೆ ಚೆಂಡುಹೂವಿಗೋ ತರಕಾರಿಗೋ ಹಾಕಿ ನೋಡಿ. ಸಾಲಿನ ಮೊದಲ ಮತ್ತು ಕೊನೆಯ ಡ್ರಿಪ್ಪರುಗಳ ಕೆಳಗೆ ಒಂದೊಂದು ದೊಡ್ಡ ಪಾತ್ರೆಯಿಟ್ಟು ಅರ್ಧ ಗಂಟೆ ಬಿಡಿ. ಎರಡರಲ್ಲೂ ನೀರು ಹೆಚ್ಚುಕಡಿಮೆ ಸಮನಾಗಿದ್ದರೆ ನಿಮ್ಮ ಕೆಲಸ ಸರಿಯಾಗಿದೆ. ಅನಂತರ ಉಳಿದ ಹೊಲಕ್ಕೆ ವಿಸ್ತರಿಸಿ.